ನಾಲ್ಕಂಗುಲದ ಕೊಳವೆ

ಖಂಡದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾರುವ ಅಮೆರಿಕದ ಮಹಿಳಾ ವಿಮಾನ ಪಂದ್ಯಕ್ಕೆ ಒಂದು ಪುಟ್ಟ ವಿಮಾನವನ್ನು ಅಣಿಮಾಡುವುದೆಂದರೆ ಮದುವೆಮನೆಯ ಸಿದ್ಧತೆಗಿಂತ ಕಡಮೆಯ ಕೆಲಸವಲ್ಲ. ಮದುವೆಮನೆಯಲ್ಲಿ ಒಂದು ಲೋಪವಾದರೆ ಬೀಗರು ಮುನಿದಾರು. ಇಲ್ಲಿ ಲೋಪವಾದರೆ ಪ್ರಾಣಕ್ಕೇ ಸಂಚಕಾರ.

1929ನೆಯ ಇಸವಿ, ಆಗಸ್ಟ್ ತಿಂಗಳು. ಅಮೆರಿಕದ ನಡುನಾಡಾದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಿಂದ ಪಡುವಣ ಕಡಲಿನ ಕಡೆಗೆ ಒಂದು ಹೊಚ್ಚ ಹೊಸ ವಿಮಾನ ಹಾರುತ್ತಿತ್ತು. ಒಂದರ ಮೇಲೊಂದು ರೆಕ್ಕೆಯಿದ್ದ, ಚಾಲಕರು ಕುಳಿತುಕೊಳ್ಳುವ ಗೂಡಿಗೆ ಮೇಲುಮುಚ್ಚಳವಿಲ್ಲದ, ಅಂದಿನ ಕಾಲದ ವಿಮಾನ ಅದು. ಅದನ್ನು ನಡೆಸುತ್ತಿದ್ದವಳು 23 ವರ್ಷ ವಯಸ್ಸಿನ ಲೂಯಿಸ್ ಥೇಡನ್. ಅಷ್ಟು ಹೊತ್ತಿಗಾಗಲೇ ಎತ್ತರದಲ್ಲಿಯೂ ವೇಗದಲ್ಲಿಯೂ ಬಹಳ ಹೊತ್ತು ಇಳಿಯದೆ ಹಾರುವುದರಲ್ಲಿಯೂ ಮಹಿಳೆಯರ ದಾಖಲೆಗಳನ್ನು ಸ್ಥಾಪಿಸಿ ಹೆಸರಾದವಳು. ಆದರೆ ಆ ದಿನ ಆಕೆಗೆ ತಲೆ ಸುತ್ತತೊಡಗಿತು, ಹೊಟ್ಟೆ ತೊಳಸಿತು, ಕಣ್ಣು ಮಂಜಾಯಿತು. ಹೇಗೋ ನೆಲಕ್ಕಿಳಿದಳು. ವಿಚಾರ ಮಾಡಿದಾಗ ಕಾರಣ ಹೊರಬಿದ್ದಿತು: ಎಂಜಿನ್ನು ಉಗುಳುತ್ತಿದ್ದ ಹೊಗೆ ಹಿಂದಕ್ಕೆ ನುಗ್ಗಿ ಆಕೆ ಕುಳಿತಿದ್ದ ಗೂಡನ್ನು ತುಂಬುತ್ತಿತ್ತು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿತ್ತು.

ಪಂದ್ಯಕ್ಕೆ ಉಳಿದಿದ್ದುದು ಕೆಲವೇ ದಿನಗಳು. ವಿಮಾನವನ್ನು ಬಿಚ್ಚಿ ಮತ್ತೆ ಕಟ್ಟಲು ವೇಳೆಯಿಲ್ಲ. ವಿಮಾನವನ್ನು ತಯಾರಿಸಿದ ಟ್ರಾವೆಲ್ ಏರ್ ಕಂಪೆನಿಯ ವಾಲ್ಟರ್ ಬೀಚ್ ಮತ್ತು ಅವನ ಕೆಲಸಗಾರರು ಒಂದು ಸುಲಭ ಉಪಾಯ ಹೂಡಿದರು. ನಾಲ್ಕಂಗುಲ ಅಗಲದ ಒಂದು ಕೊಳವೆಯನ್ನು ತಂದು, ಅದರ ಒಂದು ಬಾಯಿಯನ್ನು ವಿಮಾನದ ಮುಂಭಾಗದಲ್ಲಿ ಗಾಳಿಗೆ ಒಡ್ಡಿ, ಇನ್ನೊಂದು ಬಾಯಿಯನ್ನು ಚಾಲಕಿಯ ಮುಖದ ಹತ್ತಿರಕ್ಕೆ ಎಳೆದು ಕಟ್ಟಿದರು. ಕೊಳವೆಯ ಮೂಲಕ ಬರುತ್ತಿದ್ದ ಶುದ್ಧವಾದ ಗಾಳಿಯನ್ನು ಉಸಿರಾಡುತ್ತಲೇ ಲೂಯಿಸ್ ಥೇಡನ್ ಆ ಪಂದ್ಯವನ್ನೆಲ್ಲ ಹಾರಿದಳು, ಗೆದ್ದಳು.

ಆ ಕೊಳವೆಯ ಬೆಲೆ ಕೆಲವು ಡಾಲರುಗಳೂ ಇರಲಾರದು. ಆದರೆ ಅಂದಿನಿಂದ ಇಂದಿನವರೆಗೆ ಇಂಥ ಪಂದ್ಯಗಳಿಗೆ ವಿಮಾನವನ್ನು ಸಿದ್ಧಪಡಿಸುವ ಪ್ರತಿಯೊಬ್ಬ ಮಹಿಳೆಗೂ ಅದು ಒಂದು ಪಾಠವಾಗಿ ಉಳಿದಿದೆ.

ಪೌಡರು ಮೆತ್ತೆಯ ಪಂದ್ಯ

ಅಮೆರಿಕದಲ್ಲಿ ಮಹಿಳೆಯರಿಗಾಗಿಯೇ ಏರ್ಪಟ್ಟ ಮೊದಲನೆಯ ದೂರದ ವಿಮಾನ ಪಂದ್ಯವದು. 1929ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಿಂದ ಹೊರಟು, ಮರುಭೂಮಿಯನ್ನೂ ಬಯಲುಸೀಮೆಯನ್ನೂ ದಾಟಿ, ಆಗಸ್ಟ್ 26ರಂದು ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರವನ್ನು ಮುಟ್ಟಬೇಕು. ದೂರ ಸುಮಾರು 2,800 ಮೈಲಿ. ಒಟ್ಟು 20 ಮಂದಿ ಸ್ಪರ್ಧಿಗಳು. ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿ ಬಂದಿದ್ದ ಅಮೀಲಿಯಾ ಇಯರ್‌ಹಾರ್ಟ್ ಅವರಲ್ಲೊಬ್ಬಳು. ಜರ್ಮನಿಯಿಂದ ಥಿಯಾ ರಾಶೆ, ಆಸ್ಟ್ರೇಲಿಯದಿಂದ ಜೆಸ್ಸಿ ಮಿಲ್ಲರ್ ಬಂದಿದ್ದರು. ಒಂಟಿಯಾಗಿ 100 ಗಂಟೆ ಹಾರಿದ ಅನುಭವವಿಲ್ಲದವರಿಗೆ ಪ್ರವೇಶವಿರಲಿಲ್ಲ. ಪ್ರತಿಯೊಬ್ಬಳೂ ಪ್ಯಾರಾಷೂಟ್ ಕಟ್ಟಿಕೊಂಡು, ಮರುಭೂಮಿಯಲ್ಲಿ ಸಿಕ್ಕಿಬಿದ್ದರೆ ಇರಲೆಂದು ನೀರನ್ನೂ ಮೂರು ದಿನದ ಆಹಾರವನ್ನೂ ಜೊತೆಗೆ ಒಯ್ಯಬೇಕಾಗಿತ್ತು.

ಹೆಂಗಸರು ಪರ್ವತಗಳ ಮೇಲೆ ಹಾರುವುದು ಬೇಡ, ನಡುನಾಡಿನಿಂದಲೇ ಹೊರಡಲಿ ಎಂದು ಕೆಲವರು ಸಲಹೆ ಮಾಡಿದರು. ಪ್ರತಿ ವಿಮಾನದಲ್ಲಿಯೂ ಒಬ್ಬ ಗಂಡಸು ಜೊತೆಗಿರಲಿ ಎಂದೂ ಮಾತು ಬಂದಿತು. ಸ್ಪರ್ಧಿಗಳು ಇವೆರಡನ್ನೂ ತಳ್ಳಿಹಾಕಿದರು. ವಿನೋದಗಾರನಾದ ವಿಲ್ ರೋಜರ್ಸ್ ಈ ಪಂದ್ಯಕ್ಕೆ ‘ಪೌಡರ್ ಪಫ್ ಡರ್ಬಿ’ ಎಂದು ಹೆಸರಿಟ್ಟ. ಮುಖಕ್ಕೆ ಪೌಡರು ಹಚ್ಚುವ ಮೆತ್ತೆಯ ಪಂದ್ಯವೆಂದು ಅದರ ಅರ್ಥ. ಹಾಸ್ಯಕ್ಕೆ ಇಟ್ಟ ಹೆಸರು ಹಾಗೆಯೇ ಅಂಟಿಕೊಂಡಿತು.

ಆದರೆ ಪಂದ್ಯ ಹಾಸ್ಯದ ಮಾತಾಗಿರಲಿಲ್ಲ. ಅಮೀಲಿಯಾಳ ವಿಮಾನ ಯೂಮಾ ಎಂಬಲ್ಲಿ ಇಳಿಯುವಾಗ ಮುಗ್ಗರಿಸಿ ಪ್ರೊಪೆಲರು ಹಾಳಾಯಿತು. ಅದು ದುರಸ್ತಿಯಾಗುವವರೆಗೆ ಉಳಿದವರೆಲ್ಲರೂ ಕಾದು ನಿಂತರು. ಬ್ಲಾಂಚ್ ನಾಯ್ಸಳ ವಿಮಾನದಲ್ಲಿ ಸಾಮಾನು ಇಡುವ ಜಾಗಕ್ಕೆ ನಡುಆಕಾಶದಲ್ಲಿಯೇ ಬೆಂಕಿ ಹತ್ತಿತು. ಆಕೆ ಟೆಕ್ಸಾಸಿನ ಬಯಲಿನಲ್ಲಿ ಇಳಿದು, ಮರಳು ಎರಚಿ ಬೆಂಕಿ ಆರಿಸಿ, ಮತ್ತೆ ಒಬ್ಬಳೇ ಹಾರಿ ಪೇಕಸ್ ಊರನ್ನು ಸೇರಿದಳು. ಅದೇ ಪೇಕಸ್‌ನಲ್ಲಿ ಪಾಂಚೋ ಬಾರ್ನ್ಸ್ ಇಳಿಯುವಾಗ ಓಡುದಾರಿಯ ಮೇಲೆ ನಿಂತಿದ್ದ ಮೋಟಾರು ಕಾರಿಗೆ ವಿಮಾನ ಬಡಿಯಿತು. ಥಿಯಾ ರಾಶೆಯ ಎಂಜಿನ್ನು ಪೆಟ್ರೋಲಿನಲ್ಲಿದ್ದ ಕಸದಿಂದ ಕೈಕೊಟ್ಟಿತು.

ಎಲ್ಲಕ್ಕಿಂತ ಭಾರವಾದ ಸುದ್ದಿ ಎರಡನೆಯ ದಿನವೇ ಬಂದಿತು. ಮಾರ್ವೆಲ್ ಕ್ರಾಸನ್ ಎಂಬ ನುರಿತ ಚಾಲಕಿಯ ವಿಮಾನ ಅರಿಜೋನದ ಗೀಲಾ ನದಿಯ ಕಣಿವೆಯಲ್ಲಿ ಬಿದ್ದಿತ್ತು. ಆಕೆ ಬದುಕಿರಲಿಲ್ಲ; ಪ್ಯಾರಾಷೂಟ್ ಬಿಚ್ಚಿಕೊಂಡಿರಲಿಲ್ಲ. ಆಕೆಯೂ ತಮ್ಮ ಜೋ ಕ್ರಾಸನ್ನನೂ ಹಿಂದೊಮ್ಮೆ ಹಣ ಕೂಡಿಸಿ ಹಳೆಯ ವಿಮಾನವೊಂದನ್ನು ಕೊಂಡು, ತಮ್ಮ ಕೈಯಿಂದಲೇ ಅದನ್ನು ಜೋಡಿಸಿ, ಅದರಲ್ಲಿ ಹಾರಲು ಕಲಿತವರು. ಯಂತ್ರದ ಒಳಹೊರಗನ್ನು ಬಲ್ಲವಳು ಆಕೆ. ಅಂಥವಳ ಸಾವಿಗೆ ಏನು ಕಾರಣವೆಂಬುದು ಖಚಿತವಾಗಿ ತೀರ್ಮಾನವಾಗಲೇ ಇಲ್ಲ. ಥೇಡನ್ನಳನ್ನು ಪಂದ್ಯಕ್ಕೆ ಮೊದಲೇ ಕಾಡಿದ ಅದೇ ವಿಷಾನಿಲ ಕ್ರಾಸನ್ನಳನ್ನೂ ಮಂಕುಗೊಳಿಸಿರಬಹುದೆಂಬ ಊಹೆ ಮಾತ್ರ ಉಳಿದಿದೆ.

ಪಂದ್ಯವನ್ನು ನಿಲ್ಲಿಸಿಬಿಡಬೇಕೆಂಬ ಕೂಗು ಪತ್ರಿಕೆಗಳಲ್ಲಿ ಎದ್ದಿತು. ನಿಲ್ಲಿಸಿದರೆ ಹೆಂಗಸರಿಗೆ ಹಾರಲು ಬಾರದೆಂದು ಒಪ್ಪಿಕೊಂಡಂತೆ ಎಂದು ಸ್ಪರ್ಧಿಗಳು ನಿರ್ಧರಿಸಿ ಮುಂದುವರಿದರು. ದೊಡ್ಡ ವಿಮಾನಗಳ ವರ್ಗದಲ್ಲಿ ಥೇಡನ್ ಮೊದಲನೆಯವಳಾದಳು, ಗ್ಲಾಡಿಸ್ ಓಡಾನೆಲ್ ಎರಡನೆಯವಳು, ಅಮೀಲಿಯಾ ಮೂರನೆಯವಳು. ಹಗುರ ವಿಮಾನಗಳ ವರ್ಗದಲ್ಲಿ ಫೀಬಿ ಓಮ್ಲಿ ಗೆದ್ದಳು. ಅದೇ ವರ್ಷದ ನವೆಂಬರ್ 2ರಂದು ನ್ಯೂಯಾರ್ಕಿನ ಹತ್ತಿರದ ಕರ್ಟಿಸ್ ಫೀಲ್ಡ್‌ನಲ್ಲಿ 26 ಮಂದಿ ವಿಮಾನಚಾಲಕಿಯರು ಸೇರಿ ಒಂದು ಸಂಘ ಕಟ್ಟಿದರು. ಮೂಲ ಸದಸ್ಯೆಯರ ಸಂಖ್ಯೆ 99 ಆದುದರಿಂದ ಅದಕ್ಕೆ ‘ನೈಂಟಿ ನೈನ್ಸ್’ ಎಂದೇ ಹೆಸರಾಯಿತು. ಅಮೀಲಿಯಾ ಇಯರ್‌ಹಾರ್ಟ್ ಅದರ ಮೊದಲನೆಯ ಅಧ್ಯಕ್ಷೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಈ ಸಂಘದವರು ಖಂಡವನ್ನು ದಾಟುವ ಮಹಿಳಾ ಪಂದ್ಯವನ್ನು ಮತ್ತೆ ಆರಂಭಿಸಿದರು. ಆ ವರ್ಷ ಕ್ಯಾಲಿಫೋರ್ನಿಯದ ಪಾಮ್ ಸ್ಪ್ರಿಂಗ್ಸ್‌ನಿಂದ ಫ್ಲಾರಿಡದ ಟ್ಯಾಂಪಾದವರೆಗೆ ಹಾರಿದುದು ಒಂದೇ ಒಂದು ವಿಮಾನ! ಕ್ಯಾರೊಲಿನ್ ವೆಸ್ಟ್ ಮತ್ತು ಬಿಯಾಟ್ರಿಸ್ ಮೀಡಿಸ್ ಎಂಬಿಬ್ಬರು ತಮ್ಮ ಪುಟ್ಟ ಎರ್ಕೂಪ್ ವಿಮಾನದಲ್ಲಿ ಎದುರಾಳಿಯಿಲ್ಲದೆಯೇ ಓಡಿ ಗೆದ್ದರು. ಆದರೆ ವರ್ಷಗಳು ಉರುಳಿದಂತೆ ಪಂದ್ಯಕ್ಕೆ ಕಳೆ ಏರಿತು. ಫ್ರಾನ್ ಬೇರಾ ಎಂಬಾಕೆ ಅದನ್ನು ಏಳು ಸಲ ಗೆದ್ದಳು. 1977ರಲ್ಲಿ ಆ ಪಂದ್ಯ ಕೊನೆಗೊಂಡಾಗ, ಅದೇ ವರ್ಷ ‘ಏರ್ ರೇಸ್ ಕ್ಲಾಸಿಕ್’ ಎಂಬ ಹೊಸ ಪಂದ್ಯ ಅದರ ಸ್ಥಾನಕ್ಕೆ ಬಂದಿತು. ಇಂದು ಅಮೆರಿಕದ ಹೆಂಗಸರು ತಮ್ಮ ಪುಟ್ಟ ವಿಮಾನಗಳನ್ನು ಸಿಂಗರಿಸಿ ಹೊರಡುವುದು ಈ ಪಂದ್ಯಕ್ಕೆ.

ಆಮೆಯೂ ಗೆಲ್ಲಬಲ್ಲ ಓಟ

ಈ ಪಂದ್ಯದ ಹಾದಿ ವರ್ಷಕ್ಕೊಂದು ಬಗೆ. ದೂರ ಸುಮಾರು 2,400 ನಾಟಿಕಲ್ ಮೈಲಿ, ಎಂದರೆ 4,400 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ದೆಹಲಿಗೆ ಹಾರಿ, ಹಿಂದಿರುಗಿ ಬಂದು, ಮತ್ತೆ ದೆಹಲಿಯ ಹಾದಿಯಲ್ಲಿ ಅರ್ಧ ಹೋದರೆ ಎಷ್ಟೋ ಹೆಚ್ಚುಕಡಮೆ ಅಷ್ಟು. ಇದನ್ನು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಹಾರಾಟ ಹಗಲಿನಲ್ಲಿ ಮಾತ್ರ. ಅದೂ ಕಣ್ಣಿಗೆ ನೆಲ ಕಾಣುವಂಥ ಹವೆಯಲ್ಲಿ ಮಾತ್ರ. ಒಂದೊಂದು ವಿಮಾನದಲ್ಲಿಯೂ ಕನಿಷ್ಠ ಪಕ್ಷ ಇಬ್ಬರು, ಎಲ್ಲರೂ ಮಹಿಳೆಯರೇ. ಕಾಲೇಜಿನಲ್ಲಿ ಓದುವ ಹುಡುಗಿಯರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡ ಅಜ್ಜಿಯರವರೆಗೆ ಎಲ್ಲ ವಯಸ್ಸಿನವರೂ ಇದರಲ್ಲಿ ಇರುತ್ತಾರೆ.

ಒಬ್ಬಳ ವಿಮಾನ 160 ಅಶ್ವಶಕ್ತಿಯದು, ಇನ್ನೊಬ್ಬಳದು 300 ಅಶ್ವಶಕ್ತಿಯದು. ಇವರಿಬ್ಬರನ್ನೂ ಒಂದೇ ಕಣದಲ್ಲಿ ಓಡಿಸುವುದು ಹೇಗೆ ನ್ಯಾಯ? ಇದಕ್ಕೆಂದೇ ‘ಹ್ಯಾಂಡಿಕ್ಯಾಪ್’ ಎಂಬ ಏರ್ಪಾಡಿದೆ. ಪ್ರತಿಯೊಂದು ವಿಮಾನಕ್ಕೂ ಅದರ ಯೋಗ್ಯತೆಗೆ ತಕ್ಕ ಒಂದು ವೇಗವನ್ನು ಮೊದಲೇ ಗೊತ್ತುಮಾಡುತ್ತಾರೆ. ಪಂದ್ಯದಲ್ಲಿ ಆ ವೇಗಕ್ಕಿಂತ ಎಷ್ಟು ಹೆಚ್ಚಾಗಿ ಸಾಗಿದರೆಂಬುದೇ ಅಂಕ. ಉದಾಹರಣೆಗೆ, 120 ನಾಟ್ ಗೊತ್ತಾದ ವಿಮಾನ ಸರಾಸರಿ 126ರಲ್ಲಿ ಓಡಿದರೆ ಅದಕ್ಕೆ 6 ಅಂಕ. 160 ಗೊತ್ತಾದ ವಿಮಾನ 163ರಲ್ಲಿ ಓಡಿದರೆ 3 ಅಂಕ ಮಾತ್ರ. ಎರಡನೆಯದು ಗಂಟೆಗಳ ಮುಂಚೆ ಗುರಿ ಮುಟ್ಟಿದರೂ ಗೆಲವು ಮೊದಲನೆಯದಕ್ಕೆ. ಒಬ್ಬೊಬ್ಬಳೂ ತನ್ನ ವಿಮಾನದೊಡನೆಯೇ ಪಂದ್ಯ ಕಟ್ಟಿದಂತೆ. ಕೊನೆಯ ವಿಮಾನ ಬಂದಿಳಿಯುವವರೆಗೆ ಗೆದ್ದವರು ಯಾರೆಂದು ಹೇಳುವಂತಿಲ್ಲ.

ಇಲ್ಲಿಯೇ ಸಿದ್ಧತೆಯ ಮರ್ಮವಿದೆ. ವಿಮಾನಕ್ಕೆ ಹೊಸ ಸಲಕರಣೆ ಕೂಡಿಸಿ ವೇಗ ಹೆಚ್ಚಿಸಿದರೆ ಗೊತ್ತಾಗುವ ವೇಗವೂ ಹೆಚ್ಚುತ್ತದೆ, ಲಾಭವೇನೂ ಇಲ್ಲ. ಆದರೆ ವೇಗ ಗೊತ್ತಾದ ಮೇಲೆ ಎಂಜಿನ್ನು ಒಂದಿಷ್ಟು ಸೊರಗಿದರೂ, ರೆಕ್ಕೆಗೆ ಕೆಸರು ಮೆತ್ತಿದರೂ ನಷ್ಟ ನೇರವಾಗಿ ಅಂಕದಲ್ಲಿಯೇ ಕಾಣುತ್ತದೆ. ವಿಮಾನ ಮೊದಲನೆಯ ದಿನ ಎಷ್ಟು ಆರೋಗ್ಯವಾಗಿತ್ತೋ ನಾಲ್ಕನೆಯ ದಿನದ ಸಂಜೆಯೂ ಅಷ್ಟೇ ಆರೋಗ್ಯವಾಗಿರಬೇಕು.

ಯಂತ್ರದ ನಾಡಿಪರೀಕ್ಷೆ

ಇಂಥ ಪಂದ್ಯಕ್ಕೆ ಬರುವ ವಿಮಾನಗಳಲ್ಲಿ ಎಲ್ಲರಿಗೂ ಪರಿಚಿತವಾದುದು ಸೆಸ್ನಾ 172. 1956ರಲ್ಲಿ ಮಾರಾಟಕ್ಕೆ ಬಂದಂದಿನಿಂದ ಇದುವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ವಿಮಾನದಷ್ಟು ಬೇರೆ ಯಾವ ವಿಮಾನವೂ ಲೋಕದಲ್ಲಿ ತಯಾರಾಗಿಲ್ಲ. ರೆಕ್ಕೆ ಮೇಲೆ, ಗಾಲಿ ಕೆಳಗೆ, ನಡುವೆ ನಾಲ್ವರು ಕೂರುವ ಗೂಡು. ರೆಕ್ಕೆಯ ತುದಿಯಿಂದ ತುದಿಗೆ 36 ಅಡಿ. 1970ರ ದಶಕದ ಕೊನೆಯಲ್ಲಿ ತಯಾರಾದ ಮಾದರಿಯಲ್ಲಿ ನಾಲ್ಕು ಸಿಲಿಂಡರುಗಳ 160 ಅಶ್ವಶಕ್ತಿಯ ಎಂಜಿನ್ನು. ಅಂದು ತಯಾರಾದ ವಿಮಾನಗಳು ಅರ್ಧ ಶತಮಾನ ಸಮೀಪಿಸುತ್ತಿದ್ದರೂ ಇಂದಿಗೂ ಹಾರುತ್ತಿವೆ. ಹಳೆಯದೆಂದು ಯಾರೂ ಮೂಗು ಮುರಿಯುವುದಿಲ್ಲ. ಚೆನ್ನಾಗಿ ನೋಡಿಕೊಂಡ ವಿಮಾನಕ್ಕೆ ಮುಪ್ಪು ಬೇಗ ಬಾರದು.

ಪಂದ್ಯ ನಡೆಯುವುದು ಜೂನ್ ತಿಂಗಳಿನಲ್ಲಿ. ವಿಮಾನದ ಕೊಟ್ಟಿಗೆಯಲ್ಲಿ ಕೆಲಸ ಆರಂಭವಾಗುವುದು ಚಳಿಗಾಲದಲ್ಲಿಯೇ. ಅಮೆರಿಕದ ಕಾನೂನಿನಂತೆ ಪ್ರತಿಯೊಂದು ಖಾಸಗಿ ವಿಮಾನವೂ ವರ್ಷಕ್ಕೊಮ್ಮೆ ಅಧಿಕಾರಪತ್ರವುಳ್ಳ ಮೆಕ್ಯಾನಿಕ್ಕನಿಂದ ಪೂರ್ಣ ಪರೀಕ್ಷೆಗೆ ಒಳಗಾಗಬೇಕು. ಅದಲ್ಲದೆ ಕೆಲವು ಕೆಲಸಗಳನ್ನು ಚಾಲನಾಪತ್ರವುಳ್ಳ ಒಡತಿ ತಾನೇ ಮಾಡಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಎಣ್ಣೆ ಬದಲಿಸುವುದು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಶುದ್ಧಮಾಡುವುದು, ಚಕ್ರದ ಟೈರು ಬದಲಿಸುವುದು ಇವೆಲ್ಲ ಅಂಥ ಕೆಲಸಗಳು. ಮೊಳಕೈವರೆಗೆ ಎಣ್ಣೆ ಬಳಿದುಕೊಂಡು ಈ ಕೆಲಸ ಮಾಡುವ ಹೆಂಗಸರಿಗೆ ತಮ್ಮ ವಿಮಾನದ ಒಂದೊಂದು ಮೊಳೆಯೂ ಪರಿಚಯವಾಗುತ್ತದೆ.

ಮೊದಲನೆಯದು ಸಿಲಿಂಡರುಗಳ ಪರೀಕ್ಷೆ. ಒಂದೊಂದು ಸಿಲಿಂಡರಿಗೂ 80 ಪೌಂಡು ಒತ್ತಡದ ಗಾಳಿಯನ್ನು ಕೊಟ್ಟು, ಅದು ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆಂದು ನೋಡುತ್ತಾರೆ. 70ರ ಮೇಲಿದ್ದರೆ ಸಂತೋಷ. 60ಕ್ಕೆ ಇಳಿದರೆ ಚಿಂತೆ. ಗಾಳಿ ಎಲ್ಲಿಂದ ಸೋರುತ್ತಿದೆಯೆಂದು ಕಿವಿಯಿಟ್ಟು ಕೇಳಿದರೆ ರೋಗದ ಜಾಗವೂ ಗೊತ್ತಾಗುತ್ತದೆ. ಬಳಿಕ ಎಣ್ಣೆ. ಹಳೆಯ ಎಣ್ಣೆಯನ್ನು ಬಸಿದು, ಅದನ್ನು ಸೋಸುವ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬೆಳಕಿಗೆ ಹಿಡಿಯುತ್ತಾರೆ. ಅಲ್ಲಿ ಲೋಹದ ಚೂರು ಮಿನುಗಿದರೆ ಎಂಜಿನ್ನಿನ ಒಳಗೆ ಏನೋ ಸವೆಯುತ್ತಿದೆಯೆಂದು ಅರ್ಥ. ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ತಾಳ್ಮೆ ಬೇಕು ಇದಕ್ಕೆ.

ವಿಮಾನದ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳು, ಅವಕ್ಕೆ ಕಿಡಿ ಕೊಡುವ ಮ್ಯಾಗ್ನೆಟೋಗಳೂ ಎರಡು. ಒಂದು ಕೆಟ್ಟರೆ ಇನ್ನೊಂದು ಕಾಯಲೆಂದು ಈ ಏರ್ಪಾಡು. ನೆಲದ ಮೇಲೆ ಎಂಜಿನ್ನನ್ನು ನಿಮಿಷಕ್ಕೆ 1,700 ಸುತ್ತು ತಿರುಗಿಸಿ, ಒಂದೊಂದೇ ಮ್ಯಾಗ್ನೆಟೋವನ್ನು ನಿಲ್ಲಿಸಿ ನೋಡುತ್ತಾರೆ. ಸುತ್ತುಗಳು 125ಕ್ಕಿಂತ ಹೆಚ್ಚು ಇಳಿಯಬಾರದು. ಎರಡರ ನಡುವಣ ವ್ಯತ್ಯಾಸ 50ನ್ನು ಮೀರಬಾರದು. ಪ್ರೊಪೆಲರಿನ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಓಡುದಾರಿಯ ಚಿಕ್ಕ ಕಲ್ಲು ಸಿಡಿದು ಮಾಡಿದ ಕಚ್ಚು ಉಗುರಿನಷ್ಟೇ ಇದ್ದರೂ ಅದನ್ನು ಅರದಿಂದ ಉಜ್ಜಿ ನಯಮಾಡಬೇಕು. ಹಾಗೆಯೇ ಬಿಟ್ಟರೆ ಅಲ್ಲಿಂದ ಬಿರುಕು ಹಬ್ಬಿ ಅಲಗೇ ಮುರಿದೀತು.

ಮಜ್ಜನ, ಮೇಣ, ತಕ್ಕಡಿ

ಯಂತ್ರವಾದ ಮೇಲೆ ಮೈ. ವಿಮಾನವನ್ನು ಮೂಗಿನಿಂದ ಬಾಲದವರೆಗೆ ತೊಳೆದು ಒರಸಿ ಮೇಣ ಹಚ್ಚಿ ಉಜ್ಜುತ್ತಾರೆ. ಚಂದಕ್ಕಾಗಿಯೇ ಇದನ್ನು ಮಾಡುವುದಲ್ಲ. ರೆಕ್ಕೆಯ ಮುಂದಂಚಿನ ಮೇಲೆ ಹರಿಯುವ ಗಾಳಿ ನಯವಾಗಿ ಜಾರಿಹೋಗಬೇಕು. ಅಲ್ಲಿ ಹುಳುಹುಪ್ಪಟೆ ಬಡಿದು ಅಂಟಿಕೊಂಡರೆ ಗಾಳಿ ಕದಡಿ ತಡೆ ಹೆಚ್ಚುತ್ತದೆ. ಆದುದರಿಂದ ಪಂದ್ಯದ ದಿನಗಳಲ್ಲಿಯೂ ಪ್ರತಿ ಸಂಜೆ, ಚಾಲಕಿಯರು ಊಟಕ್ಕೆ ಮುನ್ನ ಏಣಿ ಹತ್ತಿ ರೆಕ್ಕೆ ಒರಸುತ್ತಾರೆ. ಚಕ್ರಗಳ ಮೇಲಿನ ಪಾದರಕ್ಷೆಯಂಥ ಕವಚಗಳು ಬಿಗಿಯಾಗಿವೆಯೆ, ಬಾಗಿಲ ಸಂದಿಯ ರಬ್ಬರು ಸರಿಯಾಗಿ ಕೂತಿದೆಯೆ, ರೆಕ್ಕೆಯ ಹಿಂದಂಚಿನ ಮಡಿಕೆಗಳು ಸಮನಾಗಿ ನಿಂತಿವೆಯೆ ಎಂದು ಒಂದೊಂದನ್ನೂ ನೋಡಬೇಕು. ಹನಿಹನಿ ಕೂಡಿದರೆ ಹಳ್ಳ. ಇಲ್ಲಿ ಅರ್ಧರ್ಧ ನಾಟ್ ಕೂಡಿ ಪಂದ್ಯ.

ವೇಗವನ್ನು ಅಳೆಯುವ ಉಪಕರಣಕ್ಕೆ ಗಾಳಿಯನ್ನು ಒಯ್ಯುವ ಸಣ್ಣ ನಳಿಗೆ ರೆಕ್ಕೆಯ ಕೆಳಗಿರುತ್ತದೆ. ಕಣಜದಂಥ ಕೀಟಗಳಿಗೆ ಅದು ಗೂಡು ಕಟ್ಟಲು ಹೇಳಿ ಮಾಡಿಸಿದ ತಾಣ. ಒಂದು ರಾತ್ರಿಯಲ್ಲಿ ಅವು ಮಣ್ಣು ತುಂಬಿಬಿಟ್ಟರೆ ಮರುದಿನ ಮುಳ್ಳು ಸುಳ್ಳು ಹೇಳುತ್ತದೆ. ಅದಕ್ಕೆಂದು ನಿಂತ ವಿಮಾನದ ಆ ನಳಿಗೆಗೆ ಕೆಂಪು ಬಟ್ಟೆಯ ಚೀಲವೊಂದನ್ನು ತೊಡಿಸುತ್ತಾರೆ. ಹಾರುವ ಮುನ್ನ ಅದನ್ನು ತೆಗೆಯಲು ಮರೆಯಬಾರದು.

ಆಮೇಲೆ ತೂಕ. ಈ ಮಾದರಿಯ ಸೆಸ್ನಾ ಎಲ್ಲವೂ ಸೇರಿ 2,300 ಪೌಂಡಿಗಿಂತ ಹೆಚ್ಚು ಭಾರ ಹೊತ್ತು ಏಳಬಾರದು. ಅದರಲ್ಲಿ ಪೆಟ್ರೋಲಿನ ಭಾರವೇ 240 ಪೌಂಡು. ಏಕೆಂದರೆ ಉಪಯೋಗಕ್ಕೆ ಬರುವ ಪೆಟ್ರೋಲು 40 ಅಮೆರಿಕನ್ ಗ್ಯಾಲನ್ನು, ಒಂದು ಗ್ಯಾಲನ್ನಿಗೆ 6 ಪೌಂಡು. ಉಳಿದುದರಲ್ಲಿ ಇಬ್ಬರು ಚಾಲಕಿಯರು, ಅವರ ಬಟ್ಟೆಬರೆ, ನೀರು, ಉಪಕರಣಗಳು. ಸೀರೆಪೆಟ್ಟಿಗೆ ತುಂಬುವ ಆಸೆ ಯಾವ ದೇಶದ ಹೆಣ್ಣಿಗೂ ಇದ್ದದ್ದೇ. ಇಲ್ಲಿ ಮಾತ್ರ ಒಂದೊಂದು ಬಟ್ಟೆಯನ್ನೂ ತೂಗಿ ಇಡಬೇಕು. ಭಾರ ಎಷ್ಟೆಂಬುದರ ಜೊತೆಗೆ ಅದು ಎಲ್ಲಿದೆಯೆಂಬುದೂ ಮುಖ್ಯ. ವಿಮಾನದ ಮೂಗು ಭಾರವಾದರೆ ಅದನ್ನು ಎತ್ತಿಹಿಡಿಯಲು ಬಾಲದ ರೆಕ್ಕೆ ಕೆಳಮುಖವಾಗಿ ಒತ್ತಬೇಕಾಗುತ್ತದೆ. ಆ ಒತ್ತುವಿಕೆಯೇ ಒಂದು ಹೊರೆ. ನಿಯಮದ ಮಿತಿಯೊಳಗೆ ಭಾರವನ್ನು ತುಸು ಹಿಂದಕ್ಕೆ ಸರಿಸಿದರೆ ಈ ಹೊರೆ ಇಳಿದು ವೇಗ ಸ್ವಲ್ಪ ಹೆಚ್ಚುತ್ತದೆ. ಆದರೆ ಮಿತಿಯನ್ನು ದಾಟಿ ಹಿಂದಕ್ಕೆ ಸರಿಸಿದರೆ ವಿಮಾನ ಕೈಗೆ ಸಿಗದೆ ಹೋದೀತು. ಆಸೆಗೂ ಅಪಾಯಕ್ಕೂ ನಡುವೆ ಇರುವುದು ಕೆಲವು ಅಂಗುಲಗಳು.

ಗಾಳಿಯ ಮನಸ್ಸು

ವಿಮಾನ ಸಿದ್ಧವಾದರೆ ಸಾಲದು, ಹಾದಿಯೂ ಸಿದ್ಧವಾಗಬೇಕು. ಇಬ್ಬರೂ ಮೇಜಿನ ಮೇಲೆ ನಕ್ಷೆ ಹರಡಿ ಸಂಜೆಗಳನ್ನು ಕಳೆಯುತ್ತಾರೆ. ಎಲ್ಲಿ ಬೆಟ್ಟ, ಎಲ್ಲಿ ಎತ್ತರದ ಕಂಬ, ಎಂಜಿನ್ನು ಕೈಕೊಟ್ಟರೆ ಇಳಿಯಲು ಎಲ್ಲಿ ಹೊಲ ಎಂದು ಗುರುತು ಹಾಕುತ್ತಾರೆ. ಹಾದಿಯ ಒಂದೊಂದು ವಿಮಾನ ನಿಲ್ದಾಣದಲ್ಲಿಯೂ ಗೊತ್ತಾದ ಗೆರೆಯ ಮೇಲೆ ಕೆಲವು ನೂರು ಅಡಿ ಎತ್ತರದಲ್ಲಿ ಪೂರ್ಣ ವೇಗದಿಂದ ಹಾದುಹೋಗಬೇಕು. ಆ ಕ್ಷಣಕ್ಕೆ ಕಾಲವನ್ನು ಬರೆದುಕೊಳ್ಳುತ್ತಾರೆ. ನೆಲದ ಮೇಲೆ ಕಳೆದ ಹೊತ್ತು ಲೆಕ್ಕಕ್ಕಿಲ್ಲ. ನೆಲಕ್ಕೆ ಅಷ್ಟು ಸಮೀಪದಲ್ಲಿ ಅಷ್ಟು ವೇಗದಿಂದ ಹಾರುವುದನ್ನು ತಮ್ಮ ಊರಿನಲ್ಲಿಯೇ ಹತ್ತಾರು ಸಲ ಅಭ್ಯಾಸ ಮಾಡದೆ ಯಾರೂ ಹೊರಡಬಾರದು.

ಅಂಕ ಬರುವುದು ನೆಲದ ಮೇಲೆ ಸಾಗಿದ ವೇಗಕ್ಕೆ. ಆದುದರಿಂದ ಬೆನ್ನಿಗೆ ಬೀಸುವ ಗಾಳಿ ಭಾಗ್ಯಲಕ್ಷ್ಮಿ. ಎದುರು ಬೀಸುವ ಗಾಳಿ ಶನಿ. ಎರಡು ಸಾವಿರ ಅಡಿಯಲ್ಲಿ ಎದುರಾಗುವ ಗಾಳಿ ಎಂಟು ಸಾವಿರ ಅಡಿಯಲ್ಲಿ ಬೆನ್ನಿಗೆ ಬಂದೀತು. ಆದರೆ ಅಷ್ಟು ಎತ್ತರ ಏರಲು ತಗಲುವ ಹೊತ್ತು ಲಾಭವನ್ನೇ ನುಂಗಿದರೂ ನುಂಗೀತು. ಈ ಲೆಕ್ಕವನ್ನು ಪ್ರತಿ ಬೆಳಗೂ ಹೊಸದಾಗಿ ಹಾಕಬೇಕು. ಒಂದು ದಿನ ಕಾದರೆ ಗಾಳಿ ತಿರುಗೀತೆಂದು ಕೆಲವರು ನಿಲ್ಲುತ್ತಾರೆ. ನಿಂತವರಿಗೆ ಮಳೆ ಮೋಡ ಅಡ್ಡವಾಗಿ ಕೊನೆಯ ದಿನದ ಗಡುವು ತಪ್ಪುವುದೂ ಉಂಟು; ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬಂತೆ.

ಜೂನ್ ತಿಂಗಳ ಬಿಸಿಲೂ ಒಂದು ವೈರಿಯೇ. ಕಾದ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ 5,000 ಅಡಿ ಎತ್ತರದಲ್ಲಿರುವ ನಿಲ್ದಾಣದಲ್ಲಿ ಬಿಸಿಲು 32 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದರೆ ವಿಮಾನದ ಪಾಲಿಗೆ ಅದು 8,000 ಅಡಿಗೂ ಮೀರಿದ ಎತ್ತರ. ರೆಕ್ಕೆಗೆ ಆಧಾರ ಕಡಮೆ, ಎಂಜಿನ್ನಿಗೆ ಉಸಿರು ಕಡಮೆ. ಮೇಲೇಳಲು ಓಡಬೇಕಾದ ದೂರ ಬೆಳೆಯುತ್ತಲೇ ಹೋಗುತ್ತದೆ. ಎಷ್ಟೋ ಸಲ ಅರ್ಧ ತೊಟ್ಟಿ ಪೆಟ್ರೋಲು ಮಾತ್ರ ತುಂಬಿ, ತಂಪಾದ ಬೆಳಗಿನ ಹೊತ್ತಿನಲ್ಲಿ ಹೊರಡುವುದೇ ಜಾಣತನ. ಹಾಗೆ ತುಂಬಿದ ಪೆಟ್ರೋಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತಿ ಸಲವೂ ತೊಟ್ಟಿಯ ತಳದಿಂದ ಗಾಜಿನಂಥ ಪಾರದರ್ಶಕ ಬಟ್ಟಲಿಗೆ ಸ್ವಲ್ಪ ಬಸಿದು ನೋಡುತ್ತಾರೆ. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಉರುಳಾಡಿದರೆ ಅದು ನೀರು. ಕಪ್ಪು ಚುಕ್ಕೆ ಕಂಡರೆ ಕಸ. ಥಿಯಾ ರಾಶೆಯನ್ನು ನೆಲಕ್ಕಿಳಿಸಿದ್ದು ಅಂಥ ಕಸವೇ.

ಕಾಣದ ಶತ್ರು

ಇಷ್ಟೆಲ್ಲ ಆದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಸೆಸ್ನಾದಂಥ ಪುಟ್ಟ ವಿಮಾನದಲ್ಲಿ ಚಳಿಗೆ ಬಿಸಿಗಾಳಿ ಒದಗಿಸುವ ಏರ್ಪಾಡು ಬಲು ಸರಳ. ಎಂಜಿನ್ನಿನ ಹೊಗೆ ಸಾಗುವ ಕಾದ ಕೊಳವೆಯ ಸುತ್ತ ಒಂದು ತಗಡಿನ ಹೊದಿಕೆ. ಆ ಎರಡರ ನಡುವೆ ಹಾಯ್ದ ಗಾಳಿ ಬಿಸಿಯಾಗಿ ಒಳಗೆ ಬರುತ್ತದೆ. ಹೊಗೆ ಕೊಳವೆ ಗಟ್ಟಿಯಾಗಿರುವವರೆಗೆ ಯಾವ ತೊಂದರೆಯೂ ಇಲ್ಲ. ಆದರೆ ದಿನವೂ ಕಾದು ತಣಿದು, ಕಾದು ತಣಿದು, ವರ್ಷಗಳು ಕಳೆದಂತೆ ಅದರಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತೆನ್ನಿ. ಬಿಸಿಗಾಳಿಯೊಡನೆ ಕಾರ್ಬನ್ ಮಾನಾಕ್ಸೈಡೂ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಕಣಗಳು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಂಡುಬಿಡುತ್ತವೆ. ಮೊದಲು ಸಣ್ಣ ತಲೆನೋವು, ಬಳಿಕ ಮಂಪರು, ಬಳಿಕ ತಪ್ಪು ತೀರ್ಮಾನ. ತನಗೆ ಏನೋ ಆಗಿದೆಯೆಂದು ತಿಳಿಯುವ ಬುದ್ಧಿಯನ್ನೇ ಅದು ಮೊದಲು ಕದಿಯುತ್ತದೆ.

ಆದುದರಿಂದ ಮೆಕ್ಯಾನಿಕ್ಕನು ಆ ಹೊದಿಕೆಯನ್ನು ಬಿಚ್ಚಿ, ಹೊಗೆ ಕೊಳವೆಯ ಬೆಸುಗೆಗಳನ್ನು ದೀಪ ಹಿಡಿದು ನೋಡುತ್ತಾನೆ. ಹೊಗೆ ಸೋರಿದ ಕಡೆ ಬೂದಿಬಣ್ಣದ ಗೆರೆ ಮೂಡಿರುತ್ತದೆ. ಒಳಗೆ ಉಪಕರಣಗಳ ಹಲಗೆಯ ಮೇಲೆ ಚಿಕ್ಕದೊಂದು ಬಿಲ್ಲೆ ಅಂಟಿಸುತ್ತಾರೆ. ವಿಷಾನಿಲ ತಗಲಿದರೆ ಅದರ ನಡುವಣ ಚುಕ್ಕೆ ಕಪ್ಪಾಗುತ್ತದೆ. ಇತ್ತೀಚೆಗೆ ಅಪಾಯ ಕಂಡಕೂಡಲೆ ಕೂಗುವ ವಿದ್ಯುತ್ ಉಪಕರಣಗಳೂ ಬಂದಿವೆ. ವೇಗ ಹೆಚ್ಚಿಸಲು ಮಾಡುವ ನೂರು ಕೆಲಸಗಳ ನಡುವೆ ಈ ಒಂದು ಕೆಲಸದಿಂದ ಅರ್ಧ ನಾಟ್ ಕೂಡ ಬರುವುದಿಲ್ಲ. ಬರುವುದು ಮನೆಗೆ ಹಿಂದಿರುಗುವ ಭರವಸೆ.

ಬೆಳಗಿನ ಎಂಟು ಗಂಟೆ

ಪಂದ್ಯಕ್ಕೆ ಕೆಲವು ದಿನ ಮುಂಚೆಯೇ ವಿಮಾನಗಳು ಹೊರಡುವ ಊರಿಗೆ ಬಂದು ಸೇರುತ್ತವೆ. ಪರೀಕ್ಷಕರು ವಿಮಾನವನ್ನೂ ಅದರ ದಾಖಲೆಗಳನ್ನೂ ನೋಡುತ್ತಾರೆ. ಹಾರಲು ಯೋಗ್ಯವೆಂಬ ಪ್ರಮಾಣಪತ್ರ, ನೋಂದಣಿ ಪತ್ರ, ತೂಕದ ಲೆಕ್ಕ, ಎಂಜಿನ್ನಿನ ದುರಸ್ತಿಯ ಪುಸ್ತಕ ಎಲ್ಲವೂ ಸರಿಯಾಗಿರಬೇಕು. ವಿಮಾನದ ಮೈಗೆ ಪಂದ್ಯದ ಸಂಖ್ಯೆಯನ್ನು ಅಂಟಿಸುತ್ತಾರೆ. ಅಲ್ಲಿಯವರೆಗೆ ಮನೆಯ ಮಗುವಿನಂತಿದ್ದ ವಿಮಾನ ಆ ಸಂಖ್ಯೆ ಬಿದ್ದೊಡನೆ ಸ್ಪರ್ಧಿಯಾಗುತ್ತದೆ.

ಹೊರಡುವ ಬೆಳಗ್ಗೆ ವಿಮಾನಗಳು ಸಾಲಾಗಿ ನಿಲ್ಲುತ್ತವೆ. ಎಂಟು ಗಂಟೆಗೆ ಬಾವುಟ ಇಳಿಯುತ್ತದೆ. ಅರ್ಧ ಅರ್ಧ ನಿಮಿಷಕ್ಕೊಂದರಂತೆ ಅವು ಓಡಿ ಏಳುತ್ತವೆ. ತನ್ನ ಸರದಿಗೆ ಕಾಯುತ್ತಿರುವ ಒಂದು ಸೆಸ್ನಾದ ಒಳಗೆ ಒಬ್ಬಳು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾಳೆ, ಇನ್ನೊಬ್ಬಳು ಕೈಯಿಟ್ಟು ಮುಟ್ಟಿ ನೋಡಿ ಉತ್ತರ ಹೇಳುತ್ತಾಳೆ: ಪೆಟ್ರೋಲು, ಸರಿ, ಬಾಗಿಲು, ಸರಿ, ಮ್ಯಾಗ್ನೆಟೋ, ಸರಿ. ಪಟ್ಟಿ ಮುಗಿಯುವ ಮುನ್ನ ಇಬ್ಬರ ಕಣ್ಣೂ ಆ ಪುಟ್ಟ ಬಿಲ್ಲೆಯ ಕಡೆಗೆ ತಿರುಗುತ್ತವೆ. ಚುಕ್ಕೆ ಕಪ್ಪಾಗಿಲ್ಲ.

1929ರಲ್ಲಿ ಗೀಲಾ ಕಣಿವೆಯ ಮೇಲೆ ಹಾರಿದ ಮಾರ್ವೆಲ್ ಕ್ರಾಸನ್ನಳ ಮುಂದೆ ಇಂಥ ಬಿಲ್ಲೆ ಇರಲಿಲ್ಲ. ಲೂಯಿಸ್ ಥೇಡನ್ನಳಿಗೆ ಮಾತ್ರ, ಪಂದ್ಯಕ್ಕೆ ಮೊದಲೇ ತಲೆಸುತ್ತು ಬಂದ ಪುಣ್ಯದಿಂದ, ಒಂದು ಕೊಳವೆ ದೊರಕಿತ್ತು. 1936ರಲ್ಲಿ ಅದೇ ಥೇಡನ್, ಅದೇ ಬ್ಲಾಂಚ್ ನಾಯ್ಸಳನ್ನು ಜೊತೆಗಿಟ್ಟುಕೊಂಡು, ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ 14 ಗಂಟೆ 55 ನಿಮಿಷಗಳಲ್ಲಿ ಹಾರಿ, ಗಂಡಸರೂ ಸ್ಪರ್ಧಿಸಿದ್ದ ಬೆಂಡಿಕ್ಸ್ ಪಂದ್ಯವನ್ನೇ ಗೆದ್ದಳು. ಪೌಡರು ಮೆತ್ತೆಯೆಂದು ನಕ್ಕವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿರಲಿಲ್ಲ.

ಬಾವುಟ ಮತ್ತೆ ಇಳಿಯುತ್ತದೆ. ಸೆಸ್ನಾ ಓಡುದಾರಿಯ ಮೇಲೆ ಓಡಿ, ಹಗುರಾಗಿ, ನೆಲವನ್ನು ಬಿಡುತ್ತದೆ. ಚಳಿಗಾಲದ ಸಂಜೆಗಳ ದುಡಿಮೆಯೆಲ್ಲ ಈಗ ರೆಕ್ಕೆಯ ಕೆಳಗಿದೆ.